ಸಂಘದ ಕಚೇರಿಗೆ 35,000 ರೂಪಾಯಿಯೊಳಗೆ ಕಂಪ್ಯೂಟರ್: ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ, ಲಿನಕ್ಸ್ ಮಿಂಟ್, ಕೊಡಗಿನ ಮಳೆ

ನಾಪೋಕ್ಲು ಕಡೆಯ ನಮ್ಮೂರಿನ ಮಹಿಳಾ ಸ್ವಸಹಾಯ ಸಂಘದವರು ಕಾಚಂಪುಳಿ (ಅಡುಗೆಗೆ ಬಳಸುವ ಕಪ್ಪು ಹುಳಿರಸ), ಕಾಡುಮಾವಿನ ಉಪ್ಪಿನಕಾಯಿ, ಜೇನು, ಕಾಳುಮೆಣಸು ಪ್ಯಾಕ್ ಮಾಡಿ ಮಾರುತ್ತಾರೆ. ಅವರ ಕಚೇರಿಯ ಕಂಪ್ಯೂಟರ್ 2025ರ ಕಕ್ಕಡ ಮಾಸದ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಕೈಕೊಟ್ಟಿತು. ಹೊಸ ವ್ಯವಸ್ಥೆಗೆ ಸಂಘ ತೆಗೆದಿಟ್ಟದ್ದು 35,000 ರೂಪಾಯಿ. ಊರಿನಲ್ಲಿ ಪಂಪ್‌ಸೆಟ್, ಮಿಕ್ಸಿ, ಕಂಪ್ಯೂಟರ್ ಬಿಚ್ಚಿ ಸರಿಮಾಡುವವನು ನಾನೇ ಆದ್ದರಿಂದ ಆಯ್ಕೆಯ ಹೊಣೆ ನನ್ನ ಮೇಲೆ ಬಂತು. ಹುತ್ತರಿ ಹಬ್ಬದ ಹೊತ್ತಿಗೆ ಕೆಲಸ ಮುಗಿಯಿತು. ಇದೇ ಬಜೆಟ್ಟಿನಲ್ಲಿ, ಇಂಥದೇ ಹವೆಯಲ್ಲಿ ಕಂಪ್ಯೂಟರ್ ಹುಡುಕುವವರಿಗೆ ಉಪಯೋಗವಾಗಲಿ ಎಂದು ಹಂತಹಂತವಾಗಿ ಬರೆದಿಡುತ್ತಿದ್ದೇನೆ.

ಅಂಗಡಿಗೆ ಹೋಗುವ ಮುಂಚೆ ಸಂಘದ ಕಾರ್ಯದರ್ಶಿ ಅಕ್ಕನ ಜೊತೆ ಕೂತು, ಹಿಂದಿನ ವರ್ಷ ಆ ಕಂಪ್ಯೂಟರಿನಲ್ಲಿ ಏನೇನು ಕೆಲಸ ಆಗಿತ್ತು ಎಂದು ಪಟ್ಟಿ ಮಾಡಿದೆ. ಕನ್ನಡದಲ್ಲಿ ನಡಾವಳಿ ಮತ್ತು ಪತ್ರ. ಸದಸ್ಯರ ಉಳಿತಾಯ, ಸಾಲದ ಲೆಕ್ಕದ ಶೀಟು. ಬಾಟಲಿಗೆ ಅಂಟಿಸುವ ಲೇಬಲ್. ಜಿಎಸ್‌ಟಿ ಪೋರ್ಟಲ್, ಬ್ಯಾಂಕ್, ಮೇಲ್. ಆಗೊಮ್ಮೆ ಈಗೊಮ್ಮೆ ವಿಡಿಯೋ ಮೀಟಿಂಗ್. ತಿಂಗಳಿಗೊಮ್ಮೆ ಕುಶಾಲನಗರದ ಲೆಕ್ಕಿಗರಿಗೆ ಕಳಿಸಲು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್. ಇಷ್ಟೇ. ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಕೇಳುವ ಕೆಲಸ ಒಂದೂ ಇಲ್ಲ.

ಎರಡನೆಯ ಪಟ್ಟಿ ಜಾಗದ್ದು. ನಮ್ಮಲ್ಲಿ ಕಂಪ್ಯೂಟರ್ ಹಳತಾಗಿ ಸಾಯುವುದು ಅಪರೂಪ. ತೇವಕ್ಕೆ, ವೋಲ್ಟೇಜಿಗೆ, ಸಿಡಿಲಿಗೆ ಸಾಯುವುದೇ ಹೆಚ್ಚು. ಆದ್ದರಿಂದ ಹಣ ಹಂಚುವ ಲೆಕ್ಕವನ್ನು ಮೊದಲೇ ಗಟ್ಟಿ ಮಾಡಿಕೊಂಡೆ: ಯಂತ್ರಕ್ಕೆ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಹೋಗಬಾರದು, ಉಳಿದ ಅರ್ಧ ಕರೆಂಟ್, ಪ್ರಿಂಟರ್, ಬ್ಯಾಕಪ್‌ಗೆ ಉಳಿಯಬೇಕು. ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೆಯೇ ನಿಂತಿವೆ.

ಹಂತ 1: ಹಳೆಯದನ್ನೇ ಉಳಿಸುವ ಪ್ರಯತ್ನ

ಹಳೆಯದು ಟವರ್ ಕ್ಯಾಬಿನೆಟ್. 2011ರ ಮಾದರಿಯ ಇಂಟೆಲ್ ಐ3-2120 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಇಂಥ ಯಂತ್ರಕ್ಕೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ನ ಹಗುರ ಆವೃತ್ತಿ ಕೂರಿಸಿದರೆ ಈಗಲೂ ಕಚೇರಿ ಕೆಲಸಕ್ಕೆ ಸಾಕು. ಎಲ್ಲಕ್ಕಿಂತ ಅಗ್ಗದ ದಾರಿಯೂ ಅದೇ. ಹಾಗಾಗಿ 240 ಜಿಬಿಯ ಸಾಟಾ ಎಸ್‌ಎಸ್‌ಡಿ 1,450 ರೂಪಾಯಿಗೆ ತಂದು, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿದೆ. ಎರಡು ನಿಮಿಷ ದಾಟುತ್ತಿದ್ದ ಬೂಟ್ ಅರ್ಧ ನಿಮಿಷದೊಳಗೆ ಬಂತು.

ಆದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಯಂತ್ರ ತಾನಾಗಿ ರೀಸ್ಟಾರ್ಟ್ ಆಗತೊಡಗಿತು. ನನ್ನಲ್ಲಿದ್ದ ಬೇರೆ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಪೂರೈಸುವ ಪೆಟ್ಟಿಗೆ) ಹಾಕಿ ನೋಡಿದೆ, ಅದೇ ಕಥೆ. ಬೋರ್ಡನ್ನು ಹೊರತೆಗೆದು ಬಿಸಿಲಿಗೆ ಹಿಡಿದಾಗ ಕಾರಣ ಕಂಡಿತು: ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಸಾಟಾ ಪೋರ್ಟಿನ ಪಿನ್‌ಗಳಿಗೆ ಹಸಿರು ಕಿಲುಬು ಹತ್ತಿತ್ತು. ಕೆಪಾಸಿಟರ್ ಬದಲಿಸುವುದು ಕಷ್ಟವಲ್ಲ. ಕಿಲುಬು ಬೋರ್ಡಿನ ಒಳಪದರಕ್ಕೆ ಇಳಿದಿದ್ದರೆ ಮಾತ್ರ ಅದಕ್ಕೆ ಕೊನೆಯಿಲ್ಲ. ಅಲ್ಲಿಗೆ ಬಿಟ್ಟೆ. ಹಳೆಯ ಯಂತ್ರಕ್ಕೆ ಹಣ ಹಾಕುವವರು ಮೊದಲು ಬೋರ್ಡ್ ಬಿಚ್ಚಿ ಕೆಪಾಸಿಟರ್, ಪೋರ್ಟ್ ನೋಡಿ, ಆಮೇಲೆ ಎಸ್‌ಎಸ್‌ಡಿ ಕೊಳ್ಳಿ. ಈ ಎಸ್‌ಎಸ್‌ಡಿ ವ್ಯರ್ಥವಾಗಲಿಲ್ಲ, 10ನೇ ಹಂತದಲ್ಲಿ ಕೆಲಸಕ್ಕೆ ಬಂತು.

ವಿಂಡೋಸ್ 10ರಲ್ಲೇ ಮುಂದುವರಿಯುವ ದಾರಿಯೂ ಮುಚ್ಚುತ್ತಿತ್ತು. ಅದರ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷ ವಿಸ್ತರಣೆ ಕೊಟ್ಟಿದ್ದರು, ಅಷ್ಟೇ. ಬ್ಯಾಂಕ್ ಖಾತೆ ತೆರೆಯುವ ಯಂತ್ರಕ್ಕೆ ಅಂಥ ಗಡುವು ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಹಂತ 2: ಬಿಟ್ಟ ಆಯ್ಕೆಗಳು

ಹೊಸ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗೆ ಕುಶಾಲನಗರದಲ್ಲಿ ಹೇಳಿದ ಬೆಲೆ 38,000 ರೂಪಾಯಿ. ಯುಪಿಎಸ್ ಬೇರೆ, ಪ್ರಿಂಟರ್ ಬೇರೆ. ಅಲ್ಲಿಗೇ ಲೆಕ್ಕ ಮೀರಿತು.

ಇಪ್ಪತ್ತೈದು ಸಾವಿರದೊಳಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಾನು ನೋಡಿದವಕ್ಕೆ ಸೆಲೆರಾನ್ ದರ್ಜೆಯ ಪ್ರೊಸೆಸರ್, ಬೋರ್ಡಿಗೇ ಬೆಸೆದ ರ್‍ಯಾಮ್. ನಾಳೆ ರ್‍ಯಾಮ್ ಸಾಲದಾದರೆ ಹೆಚ್ಚಿಸುವಂತಿಲ್ಲ, ಕೀಬೋರ್ಡಿಗೆ ಉಪ್ಪಿನಕಾಯಿ ಎಣ್ಣೆ ಬಿದ್ದರೆ ಇಡೀ ಯಂತ್ರವೇ ರಿಪೇರಿಗೆ ಹೋಗಬೇಕು. ಬ್ಯಾಟರಿ ಇರುವುದೊಂದೇ ಅದರ ಪರವಾದ ಮಾತು.

ರಾಸ್ಪ್‌ಬೆರಿ ಪೈ 5 ನನಗೆ ಇಷ್ಟದ ಬೋರ್ಡ್. ಆದರೆ ಅದಕ್ಕೆ 5 ವೋಲ್ಟ್ 5 ಆಂಪಿಯರ್‌ನ ಅಡಾಪ್ಟರ್, ಕೇಸ್, ಕೂಲರ್, ಎಸ್‌ಎಸ್‌ಡಿ ಜೋಡಿಸುವ ಹ್ಯಾಟ್ ಎಲ್ಲ ಸೇರಿಸಿದರೆ ಬೆಲೆ ಸೆಕೆಂಡ್ ಹ್ಯಾಂಡ್ ಪಿಸಿಯ ಹತ್ತಿರ ಬರುತ್ತದೆ. ಅದರದ್ದು ಎಆರ್‌ಎಂ ಎಂಬ ಬೇರೆ ಬಗೆಯ ಪ್ರೊಸೆಸರ್, ಸಾಮಾನ್ಯ ವಿಂಡೋಸ್ ಅದರಲ್ಲಿ ಕೂರದು. ಟ್ಯಾಲಿ ನಡೆಯುವುದು ವಿಂಡೋಸ್‌ನಲ್ಲಿ. ಕ್ರೋಮ್‌ಬುಕ್ಕಿಗೂ ಟ್ಯಾಲಿಯದೇ ತೊಡಕು, ಜೊತೆಗೆ ಅದರ ಹೆಚ್ಚಿನ ಕೆಲಸಕ್ಕೆ ಇಂಟರ್ನೆಟ್ ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಇಂಟರ್ನೆಟ್ಟನ್ನು ನಂಬಿ ಲೆಕ್ಕ ಬರೆಯಲಾಗದು.

ಇಂಟೆಲ್ ಎನ್100 ಇರುವ ಹೊಸ ಮಿನಿ ಪಿಸಿ ಕೊನೆಯವರೆಗೂ ಪಟ್ಟಿಯಲ್ಲಿತ್ತು. 2023ರಲ್ಲಿ ಬಂದ ಈ ಚಿಪ್ಪಿಗೆ 4 ಕೋರ್, ಕರೆಂಟ್ ತೀರ ಕಡಿಮೆ ಸಾಕು. ಅದನ್ನು ಬಿಟ್ಟದ್ದು ಸರ್ವಿಸ್ ಕಾರಣಕ್ಕೆ. ನನ್ನ ಬೆಲೆಗೆ ಸಿಗುತ್ತಿದ್ದ ಪೆಟ್ಟಿಗೆಗಳ ಅಡಾಪ್ಟರ್, ಫ್ಯಾನ್ ಕೆಟ್ಟರೆ ಮೈಸೂರಿನಲ್ಲೂ ಬಿಡಿಭಾಗ ಸಿಗುವ ಭರವಸೆ ಇರಲಿಲ್ಲ. ದೊಡ್ಡ ಕಂಪನಿಗಳ ಕಚೇರಿಗಳಿಂದ ಗುತ್ತಿಗೆ ಮುಗಿದು ಬರುವ ಮಿನಿ ಪಿಸಿಗಳಿಗೆ ಅಡಾಪ್ಟರ್, ಫ್ಯಾನ್, ಬೋರ್ಡ್ ಕೂಡ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತವೆ. ಹಾಗೆ ಆಯ್ಕೆ ಅಲ್ಲಿಗೆ ಬಂದು ನಿಂತಿತು.

ಯಾವ ತಲೆಮಾರಿನದು ಎನ್ನುವುದಕ್ಕೆ ಒಂದು ಸ್ಪಷ್ಟ ಗೆರೆ ಇದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ 8ನೇ ತಲೆಮಾರಿನಿಂದ ಮುಂದಕ್ಕೆ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಆ ಗೆರೆಯ ಕೆಳಗಿನ 6 ಮತ್ತು 7ನೇ ತಲೆಮಾರಿನ ಯಂತ್ರಗಳು ಐದಾರು ಸಾವಿರ ಕಡಿಮೆಗೆ ಸಿಗುತ್ತಿದ್ದವು. ಲಿನಕ್ಸ್ ಒಂದನ್ನೇ ಬಳಸುವವರಿಗೆ ಅವು ನಿಜಕ್ಕೂ ಒಳ್ಳೆಯ ವ್ಯಾಪಾರ. ನಮಗೆ ಟ್ಯಾಲಿಗಾಗಿ ವಿಂಡೋಸ್ ಬೇಕಿದ್ದರಿಂದ 8ನೇ ತಲೆಮಾರೇ ಆಗಬೇಕಿತ್ತು.

ಹಂತ 3: ಮೈಸೂರಿನಲ್ಲಿ ಖರೀದಿ

ಒಂದು ಪೆನ್‌ಡ್ರೈವ್‌ನಲ್ಲಿ ವೆಂಟಾಯ್ (ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿಸುವ ಸಾಫ್ಟ್‌ವೇರ್) ಹಾಕಿ, ಅದರೊಳಗೆ ಲಿನಕ್ಸ್ ಮಿಂಟ್ ಫೈಲ್ ಇಟ್ಟುಕೊಂಡು ಹೋಗಿದ್ದೆ. ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅಂಗಡಿಯವರು ವಿಂಡೋಸ್ ತೆರೆದು ತೋರಿಸುವುದನ್ನು ನೋಡಿ ಕೊಳ್ಳುವುದಕ್ಕೂ ನಮ್ಮದೇ ಪೆನ್‌ಡ್ರೈವ್ ಹಾಕಿ ನೋಡಿ ಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೊದಲು ತೋರಿಸಿದ ಯಂತ್ರ ನೋಡಲು ಹೊಸದರಂತಿತ್ತು, ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್‌ಗೆ) ಹೋದರೆ ಪಾಸ್‌ವರ್ಡ್ ಕೇಳಿತು. ಹಿಂದೆ ಬಳಸಿದ ಕಚೇರಿಯವರು ಹಾಕಿದ್ದು, ಅಂಗಡಿಯವರಿಗೂ ಗೊತ್ತಿಲ್ಲ. ಇಂಥದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಎರಡನೆಯದರ ಮೇಲೆ ‘ಐ5’ ಎಂಬ ಸ್ಟಿಕ್ಕರ್ ಇತ್ತು. ಮಿಂಟ್‌ನ ಸಿಸ್ಟಮ್ ಮಾಹಿತಿಯಲ್ಲಿ ನೋಡಿದರೆ ಐ5-6500ಟಿ, ಅಂದರೆ 6ನೇ ತಲೆಮಾರು. ಐ3, ಐ5, ಐ7 ಎಂಬ ಹೆಸರಿನಿಂದ ಏನೂ ತಿಳಿಯುವುದಿಲ್ಲ, ಅದರ ಮುಂದಿನ ನಾಲ್ಕಂಕಿಯ ಮೊದಲ ಅಂಕಿ ನೋಡಬೇಕು.

ಕೊನೆಗೆ ತೆಗೆದುಕೊಂಡದ್ದು ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ. ಐ5-8500ಟಿ ಪ್ರೊಸೆಸರ್, 6 ಕೋರ್, 35 ವ್ಯಾಟ್ ದರ್ಜೆ. 8 ಜಿಬಿಯ ಎರಡು ಕಡ್ಡಿ ಸೇರಿ 16 ಜಿಬಿ ರ್‍ಯಾಮ್, 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಅಡಾಪ್ಟರ್, ಕೀಬೋರ್ಡ್, ಮೌಸ್ ಸೇರಿ 15,500 ರೂಪಾಯಿ, ಜಿಎಸ್‌ಟಿ ಬಿಲ್ಲಿನಲ್ಲಿ ಒಂದು ವರ್ಷದ ವಾರಂಟಿ ಬರೆಸಿಕೊಂಡೆ. ಆ ಹೊತ್ತಿನಲ್ಲಿ ರ್‍ಯಾಮ್ ಬೆಲೆ ಏರುತ್ತಿತ್ತು. 8 ಜಿಬಿಯ ಯಂತ್ರ ಕೊಂಡು ಆಮೇಲೆ ಹೆಚ್ಚಿಸಿಕೊಳ್ಳುವ ಬದಲು 16 ಇರುವುದನ್ನೇ ಹಿಡಿದದ್ದು ಒಳ್ಳೆಯದಾಯಿತು.

ಅಂಗಡಿಯಲ್ಲೇ ನೋಡಿದ್ದು: ಎಸ್‌ಎಸ್‌ಡಿಯ ಸ್ಮಾರ್ಟ್ ಮಾಹಿತಿಯಲ್ಲಿ (ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ದಾಖಲಿಸುವ ವಿವರ) ಸವೆತ 8 ಶೇಕಡಾ. ಎಲ್ಲ ಯುಎಸ್‌ಬಿ ಪೋರ್ಟುಗಳಿಗೂ ಪೆನ್‌ಡ್ರೈವ್ ಚುಚ್ಚಿ ನೋಡಿದೆ. ನೆಟ್‌ವರ್ಕ್ ಕೇಬಲ್, ಹೆಡ್‌ಫೋನ್, ವೈಫೈ. ಇಪ್ಪತ್ತು ನಿಮಿಷ ವಿಡಿಯೋ ಓಡಿಸಿ ಫ್ಯಾನ್ ಸದ್ದು ಕೇಳಿದೆ. ಕವರ್ ಹಿಂಬದಿಯ ಒಂದು ಸ್ಕ್ರೂ ಬಿಚ್ಚಿದರೆ ಜಾರಿ ಬರುತ್ತದೆ. ಒಳಗೆ 2.5 ಇಂಚಿನ ಡಿಸ್ಕ್ ಕೂರುವ ತಟ್ಟೆಯೂ ಅದರ ಕೇಬಲ್ಲೂ ಇವೆಯೇ ಎಂದು ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಇವೆರಡು ಎಷ್ಟೋ ಸಲ ಕಾಣೆಯಾಗಿರುತ್ತವೆ.

ಹಂತ 4: ಬಿಚ್ಚಿ ಶುಚಿ ಮಾಡಿದ್ದು

ಫ್ಯಾನ್, ಹೀಟ್‌ಸಿಂಕ್ ತೆಗೆದೆ. ಧೂಳು ಬ್ರಶ್ಶಿನಿಂದ, ಹಳೆಯ ಒಣಗಿದ ಪೇಸ್ಟ್ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ. ಹೊಸ ಥರ್ಮಲ್ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು. ಪೂರ್ತಿ ಲೋಡ್ ಕೊಟ್ಟಾಗ ಮೊದಲು 88 ಡಿಗ್ರಿ ಮುಟ್ಟುತ್ತಿದ್ದದ್ದು 72ಕ್ಕೆ ಇಳಿಯಿತು. ಬಯಾಸ್ ಬ್ಯಾಟರಿ, ಸಿಆರ್2032, ಬದಲಿಸಿದೆ. ಗಾಳಿ ಒಳಹೋಗುವ ಕಂಡಿಗೆ ಇರುವೆ ನುಗ್ಗದಂತೆ ಸಣ್ಣ ಕಣ್ಣಿನ ನೈಲಾನ್ ಜಾಲರಿ. ಪೇಸ್ಟ್, ಆಲ್ಕೊಹಾಲ್, ಬ್ಯಾಟರಿ ಸೇರಿ 480 ರೂಪಾಯಿ.

ಹಂತ 5: ಮಾನಿಟರ್

ಹಳೆಯ 19 ಇಂಚಿನ ಎಲ್‌ಇಡಿ ಮಾನಿಟರ್ ಚೆನ್ನಾಗಿತ್ತು, ಅದಕ್ಕೆ ವಿಜಿಎ ಮಾತ್ರ. ನಾವು ತಂದ ಯಂತ್ರದಲ್ಲಿ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್. 250 ರೂಪಾಯಿಯ ಎಚ್‌ಡಿಎಂಐ-ವಿಜಿಎ ಅಡಾಪ್ಟರ್ ಹಾಕಿದರೆ ಮಾನಿಟರಿನ ಗುರುತೇ ಸಿಗದೆ ಅಕ್ಷರ ಮಸುಕಾಗಿ ಬಂತು. ಡಿಸ್‌ಪ್ಲೇಪೋರ್ಟಿನಿಂದ ವಿಜಿಎಗೆ ಪರಿವರ್ತಿಸುವ ಆಕ್ಟಿವ್ ಅಡಾಪ್ಟರ್ 450 ರೂಪಾಯಿಗೆ ತಂದು ಹಾಕಿದ ಮೇಲೆ ಸರಿಯಾದ ರೆಸೊಲ್ಯೂಷನ್ ತಾನಾಗಿ ಬಂತು.

ಹಂತ 6: ಆಪರೇಟಿಂಗ್ ಸಿಸ್ಟಮ್

ಮೊದಲು ವಿಂಡೋಸ್ 11 ಹಾಕಿದೆ. ಈ ಯಂತ್ರಕ್ಕೆ ಲೈಸೆನ್ಸ್ ಬೇರೆ ಕೊಳ್ಳಬೇಕಾಗಲಿಲ್ಲ. ಹೊಸದಾಗಿದ್ದಾಗ ವಿಂಡೋಸ್ 10 ಪ್ರೊ ಜೊತೆ ಬಂದಿದ್ದರಿಂದ ಅದರ ಕೀ ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇತ್ತು, ವಿಂಡೋಸ್ 11 ಪ್ರೊ ಅದನ್ನು ಓದಿ ತಾನಾಗಿ ಆಕ್ಟಿವೇಟ್ ಆಯಿತು. ಕಚೇರಿ ಮಾದರಿಯ ಸೆಕೆಂಡ್ ಹ್ಯಾಂಡ್ ಯಂತ್ರದ ದೊಡ್ಡ ಲಾಭ ಇದು. ಇನ್ನೂರು ಮುನ್ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಮಾರುವ ಕೀಗಳನ್ನು ದಯವಿಟ್ಟು ಕೊಳ್ಳಬೇಡಿ. ಅದು ಸರಿಯಾದ ಲೈಸೆನ್ಸ್ ಅಲ್ಲ, ಯಾವ ದಿನ ನಿಲ್ಲುತ್ತದೋ ಹೇಳಲಾಗದು.

ವಿಂಡೋಸ್ ಇಷ್ಟು ಚೆನ್ನಾಗಿ ನಡೆಯುವಾಗ ಲಿನಕ್ಸ್ ಯಾಕೆ ಎಂದು ಸಂಘದಲ್ಲಿ ಕೇಳಿದರು. ನನ್ನ ಕಾರಣ ಎರಡು. ಕಚೇರಿಗೆ ಇಂಟರ್ನೆಟ್ ಬರುವುದು ಮೊಬೈಲ್ ಹಾಟ್‌ಸ್ಪಾಟಿನಿಂದ. ವಿಂಡೋಸ್ ಅಪ್‌ಡೇಟ್ ಹಿನ್ನೆಲೆಯಲ್ಲಿ ಶುರುವಾದರೆ ದಿನದ ಡೇಟಾ ಬೆಳಿಗ್ಗೆಯೇ ಮುಗಿಯುತ್ತದೆ. ಮೀಟರ್ಡ್ (ಡೇಟಾ ಮಿತಿ ಇರುವ ಸಂಪರ್ಕ) ಎಂದು ಗುರುತು ಹಾಕಿ ತಡೆಯಬಹುದು, ಆದರೆ ಬೇರೊಬ್ಬರ ಫೋನ್ ಜೋಡಿಸಿದಾಗ ಆ ಗುರುತನ್ನು ಮತ್ತೆ ಹಾಕಬೇಕು. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್ ತೋರಿಸಿ ಸುಮ್ಮನಿರುತ್ತದೆ, ನಾವು ಒತ್ತಿದಾಗ ಮಾತ್ರ ಇಳಿಸುತ್ತದೆ. ಎರಡನೆಯದು, ಸಂಘಕ್ಕೆ ಪೆನ್‌ಡ್ರೈವ್ ತರುವವರು ಬಹಳ ಜನ. ಅವುಗಳಲ್ಲಿ ಬರುವ ವೈರಸ್ಸುಗಳು ಹೆಚ್ಚಾಗಿ ವಿಂಡೋಸ್‌ಗಾಗಿ ಬರೆದವು.

ಆಯ್ದದ್ದು ಲಿನಕ್ಸ್ ಮಿಂಟ್ 22ರ ಸಿನಮನ್ ಆವೃತ್ತಿ. ಉಬುಂಟು 24.04 ಆಧಾರದ್ದು, 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಮೆನು ಎಡಗಡೆ ಕೆಳಗೆ, ಗಡಿಯಾರ ಬಲಗಡೆ ಕೆಳಗೆ. ವಿಂಡೋಸ್ 7 ನೋಡಿ ಕಲಿತವರಿಗೆ ಮತ್ತೆ ಕಲಿಸುವುದು ಹೆಚ್ಚೇನೂ ಇಲ್ಲ. 16 ಜಿಬಿ ಇರುವಾಗ ಎಕ್ಸ್‌ಎಫ್‌ಸಿಇಯಂಥ ಹಗುರ ಆವೃತ್ತಿಯ ಅಗತ್ಯವೂ ಇರಲಿಲ್ಲ.

ಡಿಸ್ಕನ್ನು ಹಂಚಿದ್ದು ಹೀಗೆ: ವಿಂಡೋಸ್‌ಗೆ 90 ಜಿಬಿ, ಮಿಂಟ್‌ಗೆ 90, ಎರಡರಿಂದಲೂ ತೆರೆಯಬಹುದಾದ ‘ಸಂಘ’ ಎಂಬ ವಿಭಾಗಕ್ಕೆ ಉಳಿದದ್ದು. ಇಲ್ಲಿ ಮೂರು ಕಡೆ ಸಿಕ್ಕಿಬಿದ್ದೆ, ಮೂರನ್ನೂ ಬರೆಯುತ್ತೇನೆ.

ಒಂದು, ಮಿಂಟ್ ಇನ್‌ಸ್ಟಾಲರ್ ಅರ್ಧದಲ್ಲೇ ನಿಂತು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆಫ್ ಮಾಡಿ ಬನ್ನಿ ಎಂದಿತು. ವಿಂಡೋಸ್ 11ರ ಈಚಿನ ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ. ವಿಂಡೋಸ್‌ಗೆ ಮರಳಿ, ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ನಡುವೆ ಕರೆಂಟ್ ಹೋಗಬಾರದ್ದರಿಂದ ಯುಪಿಎಸ್ ಬಂದ ಮೇಲೆಯೇ ಈ ಕೆಲಸ ಮಾಡಿದೆ.

ಎರಡು, ‘ಸಂಘ’ ವಿಭಾಗ ಮಿಂಟ್‌ನಲ್ಲಿ ಓದಲು ಮಾತ್ರ ತೆರೆಯಿತು, ಬರೆಯಲು ಬಿಡಲಿಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಇದಕ್ಕೆ ಕಾರಣ. ಶಟ್‌ಡೌನ್ ಎಂದರೂ ಅದು ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದರ ಟಿಕ್ ತೆಗೆದ ಮೇಲೆ ಸರಿಹೋಯಿತು.

ಮೂರು, ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ತಪ್ಪುತ್ತಿತ್ತು. ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯವೆಂದೂ ವಿಂಡೋಸ್ ಭಾರತೀಯ ಸಮಯವೆಂದೂ ಓದುತ್ತವೆ. ಮಿಂಟ್‌ಗೆ ಸ್ಥಳೀಯ ಸಮಯವನ್ನೇ ಹಿಡಿಯಲು ಹೇಳಿದೆ. ವೋಚರ್ ಮೇಲೆ ತಾರೀಕು ಬೀಳುವ ಕಚೇರಿಯಲ್ಲಿ ಇದನ್ನು ಹಾಗೇ ಬಿಡುವಂತಿಲ್ಲ.

ಈಗ ದಿನದ ಕೆಲಸವೆಲ್ಲ ಮಿಂಟ್‌ನಲ್ಲಿ, ಟ್ಯಾಲಿಗೆ ಮಾತ್ರ ವಿಂಡೋಸ್. ಜಿಎಸ್‌ಟಿ ರಿಟರ್ನ್‌ಗೆ ಇವರು ಬಳಸುವುದು ಮೊಬೈಲ್ ಒಟಿಪಿ ಆದ್ದರಿಂದ ಫೈರ್‌ಫಾಕ್ಸ್ ಸಾಕಾಯಿತು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವ ಸಂಸ್ಥೆಯಾದರೆ ಅದನ್ನು ಲಿನಕ್ಸ್‌ನಲ್ಲಿ ಪರೀಕ್ಷಿಸದೆ ವಿಂಡೋಸ್ ತೆಗೆಯಬೇಡಿ.

ಹಂತ 7: ಕನ್ನಡ

ನಿಜವಾದ ಪರೀಕ್ಷೆ ಇದು. ಕಾರ್ಯದರ್ಶಿ ಅಕ್ಕ ಮೊದಲು ಕೇಳಿದ್ದೂ ಇದನ್ನೇ: “ನುಡಿಯಲ್ಲಿ ಹೊಡೀತಿದ್ದ ಹಾಗೇ ಬರ್ತದಾ? ನನ್ನ ಬೆರಳಿಗೆ ಅದು ಬಿಟ್ಟು ಬೇರೆ ಗೊತ್ತಿಲ್ಲ.”

ಬರುತ್ತದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಕನ್ನಡ ಟೈಪ್ ಮಾಡಲು ಬೇಕಾದ ಐಬಸ್ ಮತ್ತು ಅದಕ್ಕೆ ಬೇಕಾದ ಎಂ17ಎನ್ ಎಂಬ ಪ್ಯಾಕೇಜ್ ಹಾಕಿ, ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಐಬಸ್ ಆಯ್ದು, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು. ಈ ಲಾಗ್‌ಔಟ್ ಆಗದಿದ್ದರೆ ಎಷ್ಟು ಒದ್ದಾಡಿದರೂ ಕನ್ನಡ ಮೂಡುವುದಿಲ್ಲ. ಆಮೇಲೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ, ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಕಾಣುತ್ತವೆ. ಕೆಜಿಪಿ ಎಂದರೆ ನುಡಿಯವರು ಬಳಸುವ ಕೆ.ಪಿ. ರಾವ್ ವಿನ್ಯಾಸ. ಒತ್ತಕ್ಷರಕ್ಕೆ ಅದೇ ಕೀಲಿ, ದೀರ್ಘಕ್ಕೆ ಅದೇ ಕೀಲಿ. ಅಕ್ಕ ಹಿಂದಿನ ನಡಾವಳಿಯ ಒಂದು ಪುಟವನ್ನು ನಿಲ್ಲಿಸದೆ ಹೊಡೆದು ಮುಗಿಸಿದರು. ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಆ ಪುಟ.

ಕಷ್ಟ ಬಂದದ್ದು ಹಳೆಯ ಫೈಲುಗಳಿಂದ. ಹಲವು ವರ್ಷಗಳ ನಡಾವಳಿ, ಸದಸ್ಯರ ಪಟ್ಟಿ ಎಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು, ಎಲ್ಲ ಯಂತ್ರಗಳಲ್ಲೂ ಓದಬಹುದಾದ ಯೂನಿಕೋಡ್ ಅಲ್ಲ. ಲಿಬ್ರೆಆಫೀಸ್‌ನಲ್ಲಿ ತೆರೆದರೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಆ ಫಾಂಟನ್ನೇ ಹಾಕಿದರೆ ಕನ್ನಡ ಕಾಣುತ್ತದೆ, ಆದರೆ ಹೆಸರು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಮೊಬೈಲಿಗೆ ಕಳಿಸಿದರೆ ಯಾರಿಗೂ ಓದಲಾಗದು. ಹಾಗಾಗಿ ಯೂನಿಕೋಡ್‌ಗೆ ಬದಲಿಸಲು ನಿರ್ಧರಿಸಿದೆವು.

ಇಡೀ ಫೈಲನ್ನು ಒಮ್ಮೆಗೇ ಪರಿವರ್ತಕಕ್ಕೆ ಹಾಕಿದ್ದು ಕೆಟ್ಟಿತು. ನಡುವೆ ಇದ್ದ ಇಂಗ್ಲಿಷ್ ಪದಗಳು, ಬ್ಯಾಂಕಿನ ಹೆಸರು, ಐಎಫ್‌ಎಸ್‌ಸಿ ಸಂಖ್ಯೆ ಎಲ್ಲವೂ ಅರ್ಥವಿಲ್ಲದ ಕನ್ನಡವಾಗಿ ಹೊರಬಂದವು. ಬ್ಯಾಂಕ್ ಸಂಖ್ಯೆ ಹೀಗೆ ಕೆಟ್ಟರೆ ಆಗುವ ತೊಂದರೆ ಸಣ್ಣದಲ್ಲ. ಆಮೇಲೆ ಹಿಡಿದ ದಾರಿ ಇದು: ಲಿಬ್ರೆಆಫೀಸ್‌ನ ಹುಡುಕು-ಬದಲಿಸು ಕಿಟಕಿಯಲ್ಲಿ ಫಾಂಟಿನ ಹೆಸರಿನಿಂದ ಹುಡುಕಿಸಿ, ನುಡಿ ಫಾಂಟಿನಲ್ಲಿರುವ ಭಾಗವನ್ನಷ್ಟೇ ಆಯ್ದು ಪರಿವರ್ತಿಸುವುದು. ಇಂಗ್ಲಿಷ್ ಭಾಗ ಬೇರೆ ಫಾಂಟಿನಲ್ಲಿದ್ದರೆ ಅದು ಹಾಗೇ ಉಳಿಯುತ್ತದೆ. ಇಷ್ಟಾದರೂ ಅರ್ಕಾವತ್ತು ಇರುವ ಕಡೆ ತಪ್ಪು ಉಳಿಯುತ್ತಿತ್ತು. ‘ಕಾರ್ಯದರ್ಶಿ’, ‘ಖರ್ಚು’, ‘ವರ್ಷ’ ಈ ಮೂರು ಪದಗಳನ್ನು ಪ್ರತಿ ಫೈಲಿನಲ್ಲೂ ಹುಡುಕಿ ನೋಡಿ, ಸರಿಯಿದ್ದರೆ ಉಳಿದದ್ದೂ ಬಹುಮಟ್ಟಿಗೆ ಸರಿ ಇರುತ್ತದೆ. ಮೂಲ ಫೈಲುಗಳನ್ನು ಅಳಿಸಿಲ್ಲ, ಬೇರೆ ಫೋಲ್ಡರ್‌ನಲ್ಲಿವೆ.

ಫಾಂಟ್ ಬಗ್ಗೆ ಒಂದು ಮಾತು. ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾದಲ್ಲಿ ಮಾಡಿದ ಲೇಬಲ್ ಮಿಂಟ್‌ನಲ್ಲಿ ತೆರೆದಾಗ ಬೇರೆ ಫಾಂಟ್ ಕೂತು ಸಾಲುಗಳು ಸರಿಯುತ್ತವೆ. ಎರಡೂ ಕಡೆ ನೋಟೊ ಸ್ಯಾನ್ಸ್ ಕನ್ನಡ ಹಾಕಿಕೊಂಡು ಎಲ್ಲ ಲೇಬಲ್ಲುಗಳನ್ನೂ ಅದಕ್ಕೆ ತಂದೆವು. ಗುಬ್ಬಿ, ನವಿಲು ಫಾಂಟುಗಳೂ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತವೆ. ಜೇನಿನ ಬಾಟಲಿಗೆ ಅಕ್ಕಂದಿರು ನವಿಲನ್ನು ಆರಿಸಿದರು.

ಹಂತ 8: ಪ್ರಿಂಟರ್

ಸಂಘದಲ್ಲಿದ್ದ ಹಳೆಯ ಲೇಸರ್ ಪ್ರಿಂಟರ್ ಮಿಂಟ್‌ನಲ್ಲಿ ಕೊನೆಗೂ ಒಲಿಯಲಿಲ್ಲ. ಪುಟವನ್ನು ಚಿತ್ರವಾಗಿಸುವ ಕೆಲಸವನ್ನೆಲ್ಲ ಕಂಪ್ಯೂಟರಿಗೇ ಬಿಡುವ ಬಗೆಯದು ಅದು. ತಯಾರಕರ ಡ್ರೈವರ್ ಇಲ್ಲದೆ ಏನೂ ಮಾಡದು, ಲಿನಕ್ಸ್‌ಗೆ ಇದ್ದ ಡ್ರೈವರ್ ಹಳೆಯದು. ಮೊದಲ ಪುಟ ಬಂದು ಎರಡನೆಯದಕ್ಕೆ ನಿಲ್ಲುತ್ತಿತ್ತು. ಅದನ್ನು ವಿಂಡೋಸ್‌ಗೆಂದು ಬಿಟ್ಟು ಟ್ಯಾಲಿ ಬಿಲ್ಲಿಗೆ ಬಳಸಬಹುದಿತ್ತು. ದಿನದ ಲೇಬಲ್ಲಿಗಾಗಿ ಯಂತ್ರ ರೀಸ್ಟಾರ್ಟ್ ಮಾಡುತ್ತ ಕೂರುವುದು ಮಾತ್ರ ಸಲ್ಲದು.

ಇಂಕ್ ಟ್ಯಾಂಕ್ ಪ್ರಿಂಟರ್ ಕೊಳ್ಳಿ ಎಂದು ಹಲವರು ಹೇಳಿದರು. ಪುಟದ ಖರ್ಚು ಕಡಿಮೆ, ನಿಜ. ಆದರೆ ನಮ್ಮ ಲೇಬಲ್ಲು ಕೂರುವುದು ಒದ್ದೆ ಕೈಯಲ್ಲಿ ಹಿಡಿಯುವ ಬಾಟಲಿಯ ಮೇಲೆ. ನನ್ನ ಮನೆಯ ಇಂಕ್‌ಜೆಟ್‌ನಲ್ಲಿ ತೆಗೆದ ಲೇಬಲ್ಲಿಗೆ ನೀರು ಚಿಮುಕಿಸಿ ತೋರಿಸಿದೆ, ತಯಾರಿಕೆಯ ದಿನಾಂಕವೇ ಹರಡಿಹೋಯಿತು. ಲೇಸರ್‌ನ ಟೋನರ್ ಕರಗಿ ಕಾಗದಕ್ಕೆ ಹಿಡಿಯುವುದರಿಂದ ಅದು ನೀರಿಗೆ ಜಗ್ಗುವುದಿಲ್ಲ. ದಿನಗಟ್ಟಲೆ ಬಳಸದೆ ಬಿಟ್ಟರೂ ನಳಿಕೆ ಒಣಗುವ ಸಮಸ್ಯೆ ಇಲ್ಲ.

ಮೈಸೂರಿನಲ್ಲೇ ಸೆಕೆಂಡ್ ಹ್ಯಾಂಡ್ ಎಚ್‌ಪಿ ಕಪ್ಪು-ಬಿಳುಪು ಲೇಸರ್ 5,500 ರೂಪಾಯಿಗೆ ಸಿಕ್ಕಿತು. ಎಚ್‌ಪಿಎಲ್‌ಐಪಿ ಎಂಬ ಮುಕ್ತ ಡ್ರೈವರ್‌ನ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದು ನೋಡಿ, ನಮ್ಮ ಯಂತ್ರವನ್ನೇ ಒಯ್ದು ಹತ್ತು ಪುಟ ತೆಗೆದು, ಆಮೇಲೆ ಹಣ ಕೊಟ್ಟೆ. ಸ್ಟಿಕ್ಕರ್ ಹಾಳೆ ಕೊಳ್ಳುವಾಗ ಲೇಸರ್‌ಗೆ ತಕ್ಕದ್ದು ಎಂದು ಬರೆದಿದ್ದನ್ನೇ ಕೊಳ್ಳಿ. ಬೇರೆಯದಾದರೆ ಬಿಸಿಗೆ ಅಂಟು ಕರಗಿ ರೋಲರ್ ಹಾಳಾಗುತ್ತದೆ.

ಮಳೆಗಾಲದಲ್ಲಿ ಕಾಗದವೇ ತೇವ ಕುಡಿದು ಸುರುಳುತ್ತದೆ, ಒಳಗೆ ಸಿಕ್ಕಿಕೊಳ್ಳುತ್ತದೆ. ಬಿಚ್ಚಿದ ಕಾಗದದ ಕಟ್ಟನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವ ಏರ್ಪಾಡು ಮಾಡಿದೆ, 200 ರೂಪಾಯಿ. ಹರಳು ಬಣ್ಣ ತಿರುಗಿದರೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಹಂತ 9: ಕರೆಂಟ್ ಮತ್ತು ಅರ್ತಿಂಗ್

ಕಚೇರಿಯ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದಾಗ ನ್ಯೂಟ್ರಲ್ ಮತ್ತು ಅರ್ತ್ ನಡುವೆ 22 ವೋಲ್ಟ್ ತೋರಿಸಿತು. ಒಂದೆರಡು ವೋಲ್ಟ್‌ಗಿಂತ ಹೆಚ್ಚು ಇರಬಾರದು. ಅರ್ತ್ ತಂತಿ ಗುಂಡಿಯಲ್ಲಿ ತುಕ್ಕು ಹಿಡಿದು ತುಂಡಾಗಿತ್ತು. ಸ್ಪೈಕ್ ಗಾರ್ಡ್ ಹೆಚ್ಚುವರಿ ವೋಲ್ಟೇಜನ್ನು ತಳ್ಳಲು ಅರ್ತ್ ಬೇಕು. ಅದು ಸತ್ತಿದ್ದರೆ ಎಷ್ಟು ಬೆಲೆಯ ಸ್ಪೈಕ್ ಗಾರ್ಡ್ ಹಾಕಿದರೂ ಅರ್ಧ ರಕ್ಷಣೆಯೂ ಇಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಹೊಸ ಗುಂಡಿ, ತಾಮ್ರ ಲೇಪಿತ ರಾಡ್, ಹೊಸ ತಂತಿ ಹಾಕಿಸಿದೆವು. 4,200 ರೂಪಾಯಿ. ಈಗ ಮೀಟರ್ 1.4 ತೋರಿಸುತ್ತದೆ. ಕಂಪ್ಯೂಟರಿಗೆಂದು ಇಟ್ಟ ಹಣವನ್ನು ನೆಲದೊಳಗೆ ಹೂಳುತ್ತೀರಾ ಎಂದು ಒಬ್ಬರು ಬೇಸರಪಟ್ಟರು. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಅತಿ ಹೆಚ್ಚು ಬೆಲೆ ಬಾಳುವ ಖರ್ಚು ಇದೇ.

ಯುಪಿಎಸ್ 600 ವಿಎ, ಲೈನ್ ಇಂಟರಾಕ್ಟಿವ್ (ವೋಲ್ಟೇಜ್ ಏರಿಳಿತವನ್ನು ತಾನೇ ಸರಿದೂಗಿಸುವ ಬಗೆ), ಒಳಗೆ 12 ವೋಲ್ಟ್ 7 ಎಎಚ್ ಬ್ಯಾಟರಿ, 3,100 ರೂಪಾಯಿ. ವ್ಯಾಟ್ ಮೀಟರ್ ಹಿಡಿದು ನೋಡಿದೆ: ಹಳೆಯ ಟವರ್ ಸುಮ್ಮನಿದ್ದಾಗಲೇ 55 ವ್ಯಾಟ್ ಎಳೆಯುತ್ತಿತ್ತು, ಈ ಮಿನಿ 10 ವ್ಯಾಟ್. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ಲೆಕ್ಕ ಹಾಕಿದರೆ 108 ಯೂನಿಟ್ ಉಳಿತಾಯ. ಅದಕ್ಕಿಂತ ದೊಡ್ಡ ಲಾಭ ಯುಪಿಎಸ್‌ನಲ್ಲಿ ಕಂಡಿತು. ಮಿನಿ, ಮಾನಿಟರ್ ಎರಡನ್ನೂ ಹಾಕಿ ಕರೆಂಟ್ ತೆಗೆದಾಗ ಐವತ್ತು ನಿಮಿಷ ದಾಟಿ ನಡೆಯಿತು. ಕೆಲಸ ಮುಗಿಸಿ, ಉಳಿಸಿ, ಮುಚ್ಚಲು ಬೇಕಾದಷ್ಟು ಸಮಯ.

ಮಿನಿ ಪಿಸಿಯ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದೆ ತೋಟದವರೆಲ್ಲ ಸ್ಪ್ರಿಂಕ್ಲರ್ ಪಂಪ್ ಹಾಕಿದಾಗ ನಮ್ಮಲ್ಲಿ 170 ವೋಲ್ಟ್‌ಗೆ ಇಳಿಯುವುದುಂಟು. ಹಳೆಯ ಟವರ್ ಬೀಳುತ್ತಿದ್ದದ್ದು ಆಗಲೇ.

ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ. ಬಿಸಿಯಾಗುವ ಕ್ಷಣದಲ್ಲಿ ಅದು ಎಳೆಯುವುದು ಈ ಯುಪಿಎಸ್‌ನ ಶಕ್ತಿಗಿಂತ ಬಹಳ ಹೆಚ್ಚು. ಅದಕ್ಕೆ ಗೋಡೆಯಲ್ಲಿ ಬೇರೆ ಪ್ಲಗ್, 650 ರೂಪಾಯಿಯ ಸ್ಪೈಕ್ ಗಾರ್ಡ್.

ಬಯಾಸ್‌ನಲ್ಲಿ ‘ಕರೆಂಟ್ ಹೋಗಿ ಬಂದ ಮೇಲೆ’ ಎಂಬ ಆಯ್ಕೆಯನ್ನು ‘ಆಫ್ ಆಗಿಯೇ ಇರಲಿ’ ಎಂದು ಇಟ್ಟಿದ್ದೇನೆ. ಇಲ್ಲದಿದ್ದರೆ ಗಾಳಿಮಳೆಗೆ ಕರೆಂಟ್ ಬಂದು ಹೋಗಿ ಮಾಡುವಾಗ ಯಂತ್ರ ಯಾರೂ ಇಲ್ಲದ ಹೊತ್ತಿನಲ್ಲಿ ಹತ್ತಿ ಆರುತ್ತಲೇ ಇರುತ್ತದೆ. ಗುಡುಗು ಕೇಳಿಸಿದರೆ ಎಲ್ಲ ಪ್ಲಗ್ ಕಿತ್ತಿಡಬೇಕು, ಅದಕ್ಕೆ ಬದಲಿ ಯಾವ ಉಪಕರಣವೂ ಇಲ್ಲ.

ತೇವಕ್ಕೆ ಮಾಡಿದ್ದು ಕಡಿಮೆ. ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕುವ ರೂಢಿ ಬಿಡಿಸಿದೆ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎತ್ತರದಲ್ಲಿ ಮೇಜಿನ ಮೇಲಿಟ್ಟೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದೆರಡು ಗಂಟೆ ಹಚ್ಚಿಡಲು ಹೇಳಿದ್ದೇನೆ. ತನ್ನ ಬಿಸಿಗೇ ಒಳಗೆ ಒಣಗಿರುತ್ತದೆ.

ಹಂತ 10: ಬ್ಯಾಕಪ್

ಮೊದಲ ಹಂತದ 240 ಜಿಬಿ ಎಸ್‌ಎಸ್‌ಡಿಯನ್ನು 2.5 ಇಂಚಿನ ತಟ್ಟೆಯಲ್ಲಿ ಕೂರಿಸಿದೆ. ಅದರಲ್ಲಿ ಎರಡು ಕೆಲಸ: ಟೈಮ್‌ಶಿಫ್ಟ್ ವಾರಕ್ಕೊಮ್ಮೆ ಮಿಂಟ್ ಸಿಸ್ಟಮ್‌ನ ಪ್ರತಿ ತೆಗೆದಿಡುತ್ತದೆ, ‘ಸಂಘ’ ವಿಭಾಗದ ಫೈಲುಗಳು ದಿನವೂ ನಕಲಾಗುತ್ತವೆ. ಟೈಮ್‌ಶಿಫ್ಟ್ ಉಳಿಸುವುದು ಸಿಸ್ಟಮ್ಮನ್ನು, ನಮ್ಮ ಫೈಲುಗಳನ್ನಲ್ಲ. ಇವೆರಡನ್ನೂ ಬೇರೆಬೇರೆಯಾಗಿ ಹೊಂದಿಸಬೇಕು. ಸಿಡಿಲು ಬಡಿದರೆ ಒಂದೇ ಪೆಟ್ಟಿಗೆಯ ಎರಡು ಡಿಸ್ಕೂ ಹೋಗಬಹುದಾದ್ದರಿಂದ ತಿಂಗಳ ಸಭೆಯ ದಿನ ಖಜಾಂಚಿ ಅಕ್ಕ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿ ಮನೆಗೆ ಒಯ್ಯುತ್ತಾರೆ. ಒಪ್ಪಿಸುವ ಮೊದಲು ಒಂದು ನಡಾವಳಿ ಫೈಲನ್ನು ಬೇಕೆಂದೇ ಅಳಿಸಿ, ಅಕ್ಕಂದಿರ ಕೈಯಿಂದಲೇ ಮರಳಿ ತರಿಸಿದೆ.

ಖರ್ಚು

ಮಿನಿ ಪಿಸಿ 15,500. ಕೆಲಸಕ್ಕೆ ಬಾರದ ಎಚ್‌ಡಿಎಂಐ ಅಡಾಪ್ಟರ್ 250, ಬಂದ ಡಿಸ್‌ಪ್ಲೇಪೋರ್ಟ್ ಅಡಾಪ್ಟರ್ 450. ಎಸ್‌ಎಸ್‌ಡಿ 1,450. ಪೇಸ್ಟ್, ಆಲ್ಕೊಹಾಲ್, ಬ್ಯಾಟರಿ 480. ಪ್ರಿಂಟರ್ 5,500. ಕಾಗದದ ಡಬ್ಬ, ಸಿಲಿಕಾ ಜೆಲ್ 200. ಅರ್ತಿಂಗ್ 4,200. ಯುಪಿಎಸ್ 3,100. ಸ್ಪೈಕ್ ಗಾರ್ಡ್ 650. ಒಟ್ಟು 31,780 ರೂಪಾಯಿ. ವಿಂಡೋಸ್ ಯಂತ್ರದ ಜೊತೆ ಬಂತು, ಮಿಂಟ್ ಮತ್ತು ಲಿಬ್ರೆಆಫೀಸ್ ಉಚಿತ. ಉಳಿದ 3,220 ರೂಪಾಯಿಯನ್ನು ಟೋನರ್‌ಗೂ ಮುಂದೆ ಬದಲಿಸಬೇಕಾಗುವ ಯುಪಿಎಸ್ ಬ್ಯಾಟರಿಗೂ ಬೇರೆ ತೆಗೆದಿಡಲು ಸಂಘ ಒಪ್ಪಿದೆ.

ಬಾಕಿ ಇರುವುದು

ಲೆಕ್ಕಿಗರು ಟ್ಯಾಲಿಯ ಬದಲು ಲಿಬ್ರೆಆಫೀಸ್ ಶೀಟನ್ನೇ ತೆಗೆದುಕೊಳ್ಳಲು ಒಪ್ಪಿದರೆ ವಿಂಡೋಸ್‌ನ 90 ಜಿಬಿಯನ್ನು ತೆಗೆಯಬಹುದು. ಒಂದು ತಿಂಗಳ ಲೆಕ್ಕವನ್ನು ಎರಡೂ ರೀತಿಯಲ್ಲಿ ಕಳಿಸಿ ಕೇಳಿದ್ದೇವೆ, ಉತ್ತರ ಬರಬೇಕು. ಅರ್ತ್ ಗುಂಡಿಯನ್ನು ಏಪ್ರಿಲ್‌ನ ಸಿಡಿಲು ಮಳೆಗೆ ಮುಂಚೆ, ಮಣ್ಣು ಪೂರ್ತಿ ಒಣಗಿದಾಗ ಮತ್ತೊಮ್ಮೆ ಅಳೆಯಬೇಕು. ಆಗ 2 ವೋಲ್ಟ್ ದಾಟಿದರೆ ಎರಡನೇ ರಾಡ್ ಹಾಕಿಸಬೇಕಾಗುತ್ತದೆ.